ಹಂಚು ಇಡದ ದಿನ

ಪತ್ರಕರ್ತ ಪಂಪಾಪತಿ ಬರುತ್ತೇನೆ ಎಂದಿದ್ದೇ ದೊಡ್ಡ ಮಾತು. ರಾಯಚೂರಿನ ಅವನ ಪತ್ರಿಕೆಯ ಕಚೇರಿಯ ಮೆಟ್ಟಿಲನ್ನು ಮಾನ್ವಿಯಲ್ಲಿ ರೊಟ್ಟಿ ಕೇಂದ್ರ ನಡೆಸುವ ಆತಿಯಾ ಎಷ್ಟು ಸಲ ಹತ್ತಿಳಿದಿದ್ದಳೋ ಅವಳ ಚಪ್ಪಲಿಗೇ ಗೊತ್ತು. ಮೊದಲ ಸಲ ‘ರುಚಿ, ಶುಚಿಗೆ ಮನೆಮಾತಾದ ಮಾನ್ವಿಯ ಖಡಕ್ ರೊಟ್ಟಿ’ ಎಂದು ಬಣ್ಣದ ಕಾಗದದಲ್ಲಿ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದಳು. ಅವನು ಅದನ್ನು ಓದಿ, ಮಡಚಿ, ಚಹಾದ ಕಪ್ಪಿನ ಕೆಳಗಿಟ್ಟು, ಜಾಹೀರಾತು ವಿಭಾಗ ಕೆಳಗಡೆ ಇದೆ ಎಂದು ಬೆರಳು ತೋರಿಸಿದ. ಮುಂದಿನ ಸಲ ಹೆಣ್ಣುಮಕ್ಕಳ ಸ್ವಾವಲಂಬನೆ ಅಂತ ಉದ್ದಕ್ಕೆ ಬರೆದುಕೊಂಡು ಹೋದಳು. ಅಂಥವು ದಿನಾ ಬರುತ್ತವೆ ಎಂದ. ಎಷ್ಟು ಸಲ ಹೋದರೂ ಅವನದು ಒಂದೇ ಪ್ರಶ್ನೆ.

“ಇದರಾಗ ಸುದ್ದಿ ಏನದ ಮೇಡಂ?”

ಆಮೇಲೆ ಸುದ್ದಿ ತಾನಾಗಿಯೇ ಹುಟ್ಟಿತು, ಹಾಳಾದದ್ದು. ಯಾರೋ ಪುಣ್ಯಾತ್ಮರು ವಾಟ್ಸಾಪಿನಲ್ಲಿ ಒಂದು ಆಡಿಯೋ ಹರಿಬಿಟ್ಟರು. ಆತಿಯಾಳ ರೊಟ್ಟಿ ಕೇಂದ್ರದಲ್ಲಿ ಗಿರಣಿ ಗುಡಿಸಿದ ಹುಳುಕು ಹಿಟ್ಟು ಬಳಸುತ್ತಾರಂತೆ, ತಿಂದ ಮಕ್ಕಳು ವಾಂತಿ ಮಾಡಿಕೊಂಡವಂತೆ. ಯಾವ ಮಕ್ಕಳು, ಯಾವ ಊರು ಅಂತ ಕೇಳಿದವರು ಒಬ್ಬರಾದರೂ ಇದ್ದರೆ ಹೇಳಿ. ದೇವದುರ್ಗದ ಅಂಗಡಿಗಳು ಆರ್ಡರ್ ನಿಲ್ಲಿಸಿದವು. ರಾಯಚೂರಿನ ದೊಡ್ಡ ಅಂಗಡಿಯ ಶೇಖರ, ಇದ್ದಬದ್ದ ಪ್ಯಾಕೆಟ್ಟುಗಳ ಮೇಲೆಲ್ಲ ಕೆಂಪು ಶಾಯಿಯಲ್ಲಿ ‘ವಾಪಸ್’ ಎಂದು ಗೀಚಿ ಬಸ್ಸಿಗೆ ಹಾಕಿ ಕಳಿಸಿದ. ಅದೆಲ್ಲ ಒಯ್ದು ದನಕ್ಕೆ ಹಾಕಿಬಿಡಿ ಎಂದು ಆತಿಯಾ ಹೆಂಗಸರಿಗೆ ಹೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಇನ್ನೊಂದು ತಿಂಗಳು ಹೀಗೇ ಹೋದರೆ ಕೇಂದ್ರಕ್ಕೆ ಬೀಗವೇ ಗತಿ.

ಈ ಸಲ ಅವಳು ಕಾಗದ ಒಯ್ಯಲಿಲ್ಲ. ಹೇಳದೆ ಕೇಳದೆ ಬಂದು ಹಿಟ್ಟಿನ ಡಬ್ಬಿಗೆ ಕೈ ಹಾಕಿ ನೋಡಿ, ಹುಳ ಸಿಕ್ಕರೆ ನನ್ನ ಹೆಸರು ಹಾಕಿಯೇ ಬರೆಯಿರಿ ಎಂದಳು. ಪಂಪಾಪತಿ ಮೊದಲ ಸಲ ತಲೆ ಎತ್ತಿ ಅವಳ ಮುಖ ನೋಡಿದ. ಒಂದು ಸಂಜೆ ಫೋನ್ ಮಾಡಿದ. ನಾಳೆ ಮಾನ್ವಿಯಲ್ಲಿ ಕಾರ್ಯಕ್ರಮ ಇದೆ, ಬೆಳಗ್ಗೆ ನಿಮ್ಮಲ್ಲಿಗೆ ಬರುತ್ತೇನೆ, ಒಲೆ ಉರಿಯುತ್ತಿರಲಿ, ಫೋಟೋ ಬೇಕು ಎಂದ. ಆತಿಯಾ ಹಿಂದುಮುಂದು ನೋಡದೆ ಹೂಂ ಎಂದಳು.

ಹಿಗ್ಗಿನಿಂದ ಓಡಿಹೋಗಿ ಬಸವಂತಮ್ಮನಿಗೆ ಹೇಳಿದಳು. ಕೇಂದ್ರದಲ್ಲಿ ಹಿಟ್ಟು ನಾದುವವಳು ಬಸವಂತಮ್ಮ, ಉಳಿದ ಹೆಂಗಸರಿಗೆಲ್ಲ ಹಿರಿಯಳು. ಆ ಮುದುಕಿಯ ಮುಖ ಸಪ್ಪಗಾಯಿತು.

“ನಾಳಿ ಪಂಚಮಿ ಅಲ್ಲೇನು ಯವ್ವಾ. ಹಂಚು ಇಡಂಗಿಲ್ಲ.”

ನಾಗರ ಪಂಚಮಿಯ ದಿನ ಈ ಸೀಮೆಯ ಮನೆಗಳಲ್ಲಿ ಒಲೆಯ ಮೇಲೆ ಹಂಚು ಏರುವುದಿಲ್ಲ. ಸುಡುವುದಿಲ್ಲ, ಕರಿಯುವುದಿಲ್ಲ. ಕುದಿಸಿದ್ದು, ಮೊದಲೇ ಮಾಡಿಟ್ಟದ್ದು, ಅಷ್ಟೇ ಊಟ. ಅದಕ್ಕೇ ಹಬ್ಬದ ಹಿಂದಿನ ವಾರ ರೊಟ್ಟಿ ಕೇಂದ್ರಕ್ಕೆ ಸುಗ್ಗಿ. ಮುಸಲ್ಮಾನರ ಮನೆಯ ಆತಿಯಾಗೆ ಆ ಗದ್ದಲದಿಂದಲೇ ಪಂಚಮಿ ಬಂತೆಂದು ತಿಳಿಯುತ್ತಿತ್ತು. ಈ ವರ್ಷ ಆರ್ಡರೂ ಇಲ್ಲ, ಗದ್ದಲವೂ ಇಲ್ಲ. ಅವಳಿಗೆ ಹಬ್ಬವೇ ಮರೆತುಹೋಗಿತ್ತು.

ಗಾಬರಿಯಿಂದ ತಿರುಗಿ ಫೋನ್ ಮಾಡಿ, ನಾಳೆ ಪಂಚಮಿ, ನಾಡಿದ್ದು ಬನ್ನಿ ಸರ್ ಎಂದು ಅಂಗಲಾಚಿದಳು. ಹೇಳದೆ ಬನ್ನಿ ಎಂದವರು ನೀವೇ, ಈಗ ಹಬ್ಬದ ನೆವ ಹೇಳಿ ಬೇಡ ಎಂದರೆ ನಾನು ಏನಂತ ತಿಳಿಯಲಿ ಎಂದ ಪಂಪಾಪತಿ.

ಬೆಳಗ್ಗೆ ಅವನು ಫೋಟೋಗ್ರಾಫರ್ ವಿನೋದನ ಜೊತೆ ಬಂದಾಗ ಒಲೆಗಳೆಲ್ಲ ತಣ್ಣಗಿದ್ದವು. ಹಂಚುಗಳನ್ನು ತೊಳೆದು ಗೋಡೆಗೆ ಒರಗಿಸಿದ್ದರು. ಹಬ್ಬಕ್ಕೆಂದು ಹಿಟ್ಟಿನ ಡಬ್ಬಿಯನ್ನೂ ತೊಳೆದು ಬೋರಲು ಹಾಕಿದ್ದರು. ಪಂಪಾಪತಿ ಡಬ್ಬಿ ಎತ್ತಿ ಒಳಗೆ ನೋಡಿದ, ಆಮೇಲೆ ಅವಳನ್ನು ನೋಡಿದ. ಕಳ್ಳತನ ಹಿಡಿದವನ ನೋಟ ಅದು. ಹಬ್ಬದ ಸೀರೆಯುಟ್ಟ ಹೆಂಗಸರು ಬಾಗಿಲ ಬಳಿ ಗುಂಪಾಗಿ ನಿಂತಿದ್ದರು.

ವಿನೋದ ಉಪಾಯ ಹೇಳಿದ. ಒಂದೇ ಒಂದು ನಿಮಿಷ ಒಲೆ ಹಚ್ಚಿ, ಹಂಚು ಇಡಿ, ಕ್ಲಿಕ್ ಮಾಡಿ ಬಿಡುತ್ತೇನೆ, ಯಾರಿಗೆ ಗೊತ್ತಾಗುತ್ತದೆ? ಹೌದಲ್ಲ ಅನ್ನಿಸಿತು ಆತಿಯಾಗೆ. ತನಗೇನು ಆ ಕಟ್ಟಳೆ ಇದೆಯೇ? ಒಂದು ಕೈಯಲ್ಲಿ ಹಂಚು, ಇನ್ನೊಂದು ಕೈಯಲ್ಲಿ ಲೈಟರ್ ಎತ್ತಿಕೊಂಡೂ ಬಿಟ್ಟಳು. ಯಾರೂ ಬೇಡ ಎನ್ನಲಿಲ್ಲ. ಬಸವಂತಮ್ಮ ಮಾತ್ರ ಮೆಲ್ಲಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಆ ಬೆನ್ನನ್ನು ನೋಡುತ್ತಾ ಆತಿಯಾಗೆ ಕೈ ಏಳಲಿಲ್ಲ.

“ಇಲ್ರೀ ಸರ್,” ಎಂದು ಹಂಚನ್ನು ಕೆಳಗಿಟ್ಟಳು. “ಇವತ್ತು ಹಂಚು ಇಡಂಗಿಲ್ಲ. ನೀವು ಏನರ ಬರಕೋರಿ.”

ಪಂಪಾಪತಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟ. ಮುಗಿಯಿತು ಅಂದುಕೊಂಡಳು ಆತಿಯಾ. ಅಷ್ಟರಲ್ಲಿ ಬಸವಂತಮ್ಮ ಅವನಿಗೆ ಅಡ್ಡ ನಿಂತಳು. ಹಬ್ಬದ ದಿನ ಹಸಿದ ಹೊಟ್ಟೆಯಲ್ಲಿ ಹೋಗಬಾರದು, ತಮ್ಮ ಮನೆ ಹಿಂದಿನ ಓಣಿಯಲ್ಲೇ ಇದೆ ಎಂದು ಪಟ್ಟು ಹಿಡಿದಳು. ಹಬ್ಬದ ಕರೆಯನ್ನು ಒಲ್ಲೆ ಎನ್ನಲು ಅವನಿಗೂ ಬಾಯಿ ಬರಲಿಲ್ಲ.

ಮನೆಯ ಮುಂದಿನ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿತ್ತು. ಮೊಮ್ಮಕ್ಕಳು ಜೀಕುತ್ತಾ ರೊಟ್ಟಿ ಕಡಿಯುತ್ತಿದ್ದವು. ಬಸವಂತಮ್ಮ ಕುದಿಸಿದ ಕಡುಬು, ಶೇಂಗಾ ಕುಟ್ಟಿ ಮಾಡಿದ ಖಾರದ ಹಿಂಡಿ ಬಡಿಸಿ, ರೊಟ್ಟಿಗೆಂದು ಮೂಲೆಯ ಬುಟ್ಟಿಗೆ ಕೈ ಹಾಕಿದಳು. ಹೊರಗೆ ಬಂದದ್ದು ಆತಿಯಾಳದೇ ಲೇಬಲ್ಲಿನ ಪ್ಯಾಕೆಟ್ಟು. ಅದರ ಮೇಲೆ ಕೆಂಪಗೆ ‘ವಾಪಸ್’.

ಜೊತೆಗೆ ಬಂದಿದ್ದ ಆತಿಯಾ ಪಂಪಾಪತಿಯ ಮುಖ ನೋಡಿದಳು. ಅಂಗಡಿಯವರು ಬೇಡವೆಂದ ಮಾಲನ್ನು ಕೂಲಿಯವರಿಗೆ ತಿನ್ನಿಸುತ್ತಾಳೆ ಅಂತ ಬರೆದುಬಿಟ್ಟರೆ? ಪಂಪಾಪತಿ ಪ್ಯಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಅಂಗಡಿಯಿಂದ ತಿರುಗಿ ಬಂದದ್ದಲ್ಲವೇ ಎಂದು ಕೇಳಿದ. ಬಸವಂತಮ್ಮ ಅವನ ಕಡೆ ನೋಡದೆ, ತಪ್ಪು ಮಾಡಿದವಳ ಹಾಗೆ ಆತಿಯಾಳ ಕಡೆ ನೋಡಿದಳು.

“ನೀ ದನಕ್ಕ ಹಾಕು ಅಂದಿ. ನನಗ ಮನಸ್ಸಾಗಲಿಲ್ಲ ಯವ್ವಾ. ಪಂಚಮಿಗೆ ಆಗ್ತಾವ ಅಂತ ಎಲ್ಲಾರೂ ಪಾಲು ಮಾಡಿಕೊಂಡು ಒಯ್ದಿವಿ.” ಆಮೇಲೆ ಪಂಪಾಪತಿಯ ಕಡೆ ತಿರುಗಿದಳು. “ಹಿಟ್ಟು ನಾದಿದಾಕಿ ನಾನೇ ರೀ. ಹುಳ ಇದ್ದಿದ್ರ ನನ್ನ ಮೊಮ್ಮಕ್ಕಳಿಗೆ ತಿನ್ನಾಕ ಕೊಡ್ತಿದ್ನೇನು?”

ಪಂಪಾಪತಿ ಎದ್ದು ಪಕ್ಕದ ಮನೆಗೆ ಹೋದ, ಅದರಾಚೆಯ ಮನೆಗೂ ಹೋದ. ಕೇಂದ್ರದಲ್ಲಿ ದುಡಿಯುವ ಹೆಂಗಸರ ಆ ಮನೆಗಳಲ್ಲೂ ಅದೇ ಪ್ಯಾಕೆಟ್ಟು, ಅದೇ ಕೆಂಪು ಶಾಯಿ. ತಿರುಗಿ ಬಂದು ತಾಟಿನ ಮುಂದೆ ಕೂತು ರೊಟ್ಟಿ ಮುರಿದ. ಹಿಂಡಿ ಹಚ್ಚಿಕೊಂಡು ತಿಂದ, ಇನ್ನೊಂದು ಕೇಳಿ ಹಾಕಿಸಿಕೊಂಡ. ವಿನೋದ ಯಾರೂ ಹೇಳದೆ ಕ್ಯಾಮೆರಾ ತೆಗೆದ.

ಮರುದಿನದ ಪತ್ರಿಕೆಯಲ್ಲಿ ಒಲೆಯೂ ಇರಲಿಲ್ಲ, ಆತಿಯಾಳೂ ಇರಲಿಲ್ಲ. ಜೋಕಾಲಿಯ ಮೇಲೆ ಕೂತ ಹುಡುಗಿಯ ಬಾಯಲ್ಲಿ ರೊಟ್ಟಿ, ಮಡಿಲಲ್ಲಿ ‘ವಾಪಸ್’ ಪ್ಯಾಕೆಟ್ಟು. ಮಾಡಿದವರ ಮನೆಯ ಹಬ್ಬದೂಟ ಇದೇ ರೊಟ್ಟಿ ಎಂದು ಕೆಳಗೆ ಬರೆದಿತ್ತು. ಕೇಂದ್ರದ ಹೆಸರು ಬಂದದ್ದು ಒಂದೇ ಒಂದು ಕಡೆ. ಆತಿಯಾ ಓದಿದ್ದನ್ನೇ ಓದಿದಳು. ಖುಷಿಗಿಂತ ನಾಚಿಕೆಯೇ ಹೆಚ್ಚಾಯಿತು. ತಾನು ದನಕ್ಕೆ ಹಾಕು ಎಂದದ್ದನ್ನು ಅವರು ಹಬ್ಬಕ್ಕೆ ಎತ್ತಿಟ್ಟಿದ್ದರು.

ಚಹಾ ಆರುವ ಮೊದಲೇ ಶೇಖರನ ಫೋನ್ ಬಂತು. ದನಿಯಲ್ಲಿ ಬೆಲ್ಲ ಸುರಿಯುತ್ತಿತ್ತು. ಜನ ಬಂದು ಬಂದು ಕೇಳುತ್ತಿದ್ದಾರೆ, ಮೊನ್ನೆ ತಿರುಗಿ ಕಳಿಸಿದ ಪ್ಯಾಕೆಟ್ಟುಗಳನ್ನೇ ಮಧ್ಯಾಹ್ನದ ಬಸ್ಸಿಗೆ ಹಾಕಿಬಿಡಿ ಎಂದ. ಆತಿಯಾ ಒಲೆಯ ಕಡೆ ನೋಡಿದಳು. ಬಸವಂತಮ್ಮ ಆಗಲೇ ಹಿಟ್ಟಿಗೆ ಬಿಸಿನೀರು ಸುರಿಯುತ್ತಿದ್ದಳು.

“ಅವು ತೀರಿಹೋದವ್ರೀ,” ಎಂದಳು ಆತಿಯಾ. “ನೀವು ವಾಪಸ್ ಕಳಿಸಿದ್ದು ಒಂದೂ ಉಳಿದಿಲ್ಲ. ಹೊಸಾವು ಬೇಕಂದ್ರ ಕಾಯ್ರಿ, ಈಗ ಹಂಚು ಇಡಾಕತ್ತೀವಿ.”