ಗ್ರಾಂ ರವೀನಿನ ನಕ್ಷೆ

ಪ್ರಶ್ನೆಪತ್ರಿಕೆಯ ಜೊತೆ ಕೊಟ್ಟ ನಕ್ಷೆಯ ಮಡಿಕೆ ಬಿಚ್ಚಿದೆ. ಅದು ನಮ್ಮೂರು, ಗ್ರಾಂ ರವೀನ್.

ನಮ್ಮ ದ್ವೀಪದ ರಾಜಧಾನಿ ರೋಸೋದ ಆ ಪರೀಕ್ಷಾ ಕೊಠಡಿಯಲ್ಲಿ ನಲವತ್ತು ಮಕ್ಕಳ ನಡುವೆ ನಾನೊಬ್ಬಳೇ ನಲವತ್ತಾರರವಳು. ಹದಿನಾಲ್ಕು ವರ್ಷದಿಂದ ಪ್ರೈಮರಿ ಶಾಲೆಯಲ್ಲಿ ಸಹಾಯಕಿಯಾಗಿದ್ದೆ. ಪದವಿಗೆ ಮುಂಚಿನ ಈ ಭೂಗೋಳದ ಪರೀಕ್ಷೆಯೊಂದು ಪಾಸಾದರೆ ಶಿಕ್ಷಕರ ಕಾಲೇಜಿನಲ್ಲಿ ಸೀಟು. ಇಲ್ಲದಿದ್ದರೆ ಬೇರೆಯವರ ತರಗತಿಯಲ್ಲಿ ಸೀಮೆಸುಣ್ಣ ಎತ್ತಿಕೊಡುವುದೇ ಗತಿ. ಎರಡು ಸಲ ಫೇಲಾಗಿದ್ದೆ. ಇದೇ ಕೊನೆಯ ಅವಕಾಶವೆಂದು ಹೆಡ್‌ಮಿಸ್ಟ್ರೆಸ್ ಹೇಳಿಬಿಟ್ಟಿದ್ದರು.

ನನಗೆ ಪಾಠ ಹೇಳಿದವಳು ಮಗಳು ಶೆರ್ನೆಲ್. ಹೋದ ವರ್ಷ ಇದೇ ಪರೀಕ್ಷೆ ಮುಗಿಸಿದವಳು. ನಾನು ಹಿಟ್ಟಿನ ಉಂಡೆ ಕರಿಯುತ್ತಿದ್ದರೆ ಅವಳು ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡುತ್ತಿದ್ದಳು.

"ಅಮ್ಮಾ, ಎಣ್ಣೆ ನೋಡ್ಬೇಡ, ಇಲ್ಲಿ ನೋಡು. ಎತ್ತರ ತೋರಿಸೋ ಕಂದು ಗೆರೆ ಒತ್ತೊತ್ತಾಗಿದ್ರೆ ಏನರ್ಥ?"

"ಗುಡ್ಡ ಕಡಿದಾಗಿದೆ ಅಂತ."

"ಎರಡೂ ಕಡೆಯಿಂದ ಬಂದು ಒಂದು ಗಂಟಲಾದ್ರೆ?"

"ಕಣಿವೆ ಕಣೇ. ಕಣಿವೇಲಿ ಹುಟ್ಟಿದವಳಿಗೆ ಕಣಿವೆ ಕಲಿಸ್ತೀಯಾ?"

"ಅದೇ ನಿನ್ನ ರೋಗ! ನಕ್ಷೇಲಿ ಇರೋದು ಬರಿ ಅಂದ್ರೆ ನಿಂಗೆ ಗೊತ್ತಿರೋದೆಲ್ಲ ಬರೆದು ಬರ್ತೀಯ. ನಿನ್ನೂರಿನ ಮಾ ತಿತೀನ್ ಅಜ್ಜಿ ಅಂಗಡೀಲಿ ಏನು ಸಿಗ್ತಿತ್ತು ಅಂತ ಪೇಪರ್ ತಿದ್ದೋರಿಗೆ ಯಾಕೆ ಬೇಕು?"

ಈಗ ಪರೀಕ್ಷೆಯ ನಕ್ಷೆಯಲ್ಲಿ ಆ ಅಂಗಡಿಯೇ ಎದುರಿಗಿತ್ತು, ಒಂದು ಕಪ್ಪು ಚೌಕವಾಗಿ. ನಕ್ಷೆ ಹಳೆಯದು. ಎಂಟು ವರ್ಷದ ಹಿಂದೆ, ಆಗಸ್ಟಿನ ಒಂದೇ ದಿನದ ಮಳೆಯಲ್ಲಿ, ಬೆಟ್ಟ ಹೊಳೆಗೆ ಕುಸಿದು, ಹೊಳೆ ಗ್ರಾಂ ರವೀನಿನೊಳಕ್ಕೆ ನುಗ್ಗಿತು. ನನ್ನ ಅಮ್ಮನೂ ಹೋದಳು. ಉಳಿದವರಿಗೆ ಸರ್ಕಾರ ಬೇರೆ ಕಡೆ ಮನೆ ಕಟ್ಟಿಕೊಟ್ಟಿತು. ಅಲ್ಲಿ ಈಗ ಕಲ್ಲು, ಕುರುಚಲು. ನಕ್ಷೆಯಲ್ಲಿ ಮಾತ್ರ ಎಲ್ಲವೂ ಇತ್ತು: ಸೇತುವೆ, ಶಾಲೆ, ದಿಬ್ಬದ ಮೇಲೆ ಚರ್ಚಿನ ಶಿಲುಬೆ, ಹೊಳೆಯ ಮೂರನೇ ತಿರುವಿನಲ್ಲಿ ನಮ್ಮ ಮನೆ. ಅದರ ಮೇಲೆ ಬೆರಳಿಟ್ಟೆ. ತೆಗೆಯಲಾಗಲಿಲ್ಲ.

ಪ್ರಶ್ನೆ ಹೀಗಿತ್ತು: ಆರೋಗ್ಯ ಕೇಂದ್ರ ಕಟ್ಟಲು ಎ, ಬಿ, ಸಿ ಎಂದು ಗುರುತಿಸಿದ ಜಾಗಗಳಲ್ಲಿ ಯಾವುದು ಸೂಕ್ತ? ನಕ್ಷೆಯ ಆಧಾರದಿಂದಲೇ ಕಾರಣ ಕೊಡಿ. ಎ ಇದ್ದದ್ದು ನಮ್ಮ ಅಂಗಳದ ಪಕ್ಕದ ಸಮತಟ್ಟು ನೆಲದಲ್ಲಿ.

ನಾನು ಬರೆಯತೊಡಗಿದೆ. ಎ ಬೇಡವೇ ಬೇಡ, ಅಲ್ಲಿ ಮಾ ತಿತೀನಳ ಅಂಗಡಿ ಕೊಚ್ಚಿಹೋಯಿತು, ಅಲ್ಲಿ ನನ್ನ ಅಮ್ಮ ಬಾಗಿಲಲ್ಲಿ ನಿಂತು ಕೋಕೋ ಬೀಜ ಆರಿಸುತ್ತಿದ್ದಳು... ಒಂದೂವರೆ ಪುಟ. "ಒಂದು ಗಂಟೆ ಆಯ್ತು" ಎಂದು ಮೇಲ್ವಿಚಾರಕಿ ಕೂಗಿದಾಗ ಬರೆದದ್ದನ್ನು ಓದಿಕೊಂಡೆ. ನಕ್ಷೆಯಿಂದ ತೆಗೆದ ಮಾತು ಒಂದೂ ಇರಲಿಲ್ಲ. ಎಲ್ಲವನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿದೆ.

ಆಮೇಲೆ, ಯಾರದೋ ಊರೆಂಬಂತೆ, ನಕ್ಷೆಯನ್ನು ನೋಡಿದೆ.

ಊರಿನ ಮೇಲ್ಗಡೆ ಕಂದು ಗೆರೆಗಳು ಕಾಗದದ ಬಿಳಿ ಕಾಣದಷ್ಟು ಒತ್ತಾಗಿದ್ದವು. ಎರಡು ಕಡೆಯಿಂದ ಇಳಿದು ಒಂದು ಗಂಟಲಾಗಿ, ಸರಿಯಾಗಿ ನಮ್ಮ ಅಂಗಳದಲ್ಲಿ ಬಾಯಿ ತೆರೆದಿದ್ದವು. ಆ ಸಮತಟ್ಟು ನೆಲವೂ ಹೊಳೆಯೇ ಹಿಂದೆಂದೋ ತಂದು ಸುರಿದ ಮಣ್ಣು. ಮೇಲಿಂದ ಏನೇ ಬಿದ್ದರೂ ಇಲ್ಲಿಗೇ ಬರಬೇಕು. ಆರು ತಿಂಗಳು ಓದಿದ ಯಾವ ಮಗುವಾದರೂ ಗೆರೆಗಳನ್ನು ಗಮನಿಸಿದ್ದರೆ ಹೇಳಬಹುದಿತ್ತು.

ಇದೇ ನಕ್ಷೆ ನಾನು ಓದಿದ ನಮ್ಮೂರ ಶಾಲೆಯ ಗೋಡೆಯ ಮೇಲಿತ್ತು. ಪ್ರತಿ ಶುಕ್ರವಾರ ಒದ್ದೆ ಬಟ್ಟೆಯಿಂದ ಅದನ್ನು ಒರೆಸುವ ಸರದಿ ಎರಡು ವರ್ಷ ನನ್ನದೇ ಆಗಿತ್ತು.

ಆ ಆಗಸ್ಟಿನ ಬೆಳಿಗ್ಗೆ ಅಮ್ಮ ಬೇರೆ ಊರಲ್ಲಿದ್ದ ನನಗೆ ಫೋನ್ ಮಾಡಿದ್ದಳು.

"ಯುಲಾಲಿ, ಹೊಳೆ ಸದ್ದು ಯಾಕೋ ಬೇರೆ ಥರ ಇದೆ. ದಿಬ್ಬದ ಮೇಲೆ ಚರ್ಚಿಗೆ ಹೋಗಿಬಿಡ್ಲಾ?"

"ನಿಂದೊಂದು! ಹೊಳೆ ಯಾವತ್ತಾದ್ರೂ ದೀವಿಹಲಸಿನ ಮರ ದಾಟಿ ಬಂದಿದ್ದುಂಟಾ? ಈ ಮಂಡಿ ಇಟ್ಕೊಂಡು ದಿಬ್ಬ ಹತ್ತಬೇಡ. ಮನೇಲೇ ಇರು."

ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಯಾರಿಗೆ ತಾನೇ ಗೊತ್ತಿತ್ತು ಎಂದು ಪಾದ್ರಿ ಅಂದಿದ್ದರು, ನೆರೆಯವರು ಅಂದಿದ್ದರು. ಎಂಟು ವರ್ಷ ನಾನು ನಿದ್ದೆ ಮಾಡಿದ್ದು ಆ ಒಂದು ಮಾತಿನ ಮೇಲೆ. ಗೊತ್ತಿತ್ತು. ಕಂದು ಶಾಯಿಯಲ್ಲಿ ಅಚ್ಚಾಗಿತ್ತು.

ಸಿ ಎಲ್ಲಿದೆ ಎಂದು ಆಗ ನೋಡಿದೆ. ದಿಬ್ಬದ ಮೇಲೆ, ಚರ್ಚಿನ ಪಕ್ಕ.

"ಸಿ" ಎಂದು ಬರೆದೆ. ಕೆಳಗೆ ನಾಲ್ಕು ಸಾಲು ಕಾರಣ: ಎತ್ತರ, ಗೆರೆಗಳ ಅಂತರ, ಹೊಳೆಯಿಂದ ದೂರ, ಕಾಲುದಾರಿ. ಉಳಿದ ಪ್ರಶ್ನೆಗಳಿಗೆ ಏನು ಬರೆದೆನೋ ನೆನಪಿಲ್ಲ.

ಗೇಟಿನ ಹತ್ತಿರ ಶೆರ್ನೆಲ್ ತಿಂಡಿಯ ಪೊಟ್ಟಣ ಹಿಡಿದು ನಿಂತಿದ್ದಳು. ಮಕ್ಕಳೆಲ್ಲ ಪ್ರಶ್ನೆಗಳನ್ನು ಹೇಳಿಕೊಳ್ಳುತ್ತಾ ಹೊರಬರುತ್ತಿದ್ದರು, ಅವಳಿಗೆ ಅಷ್ಟು ಹೊತ್ತಿಗೇ ಎಲ್ಲ ಗೊತ್ತಾಗಿತ್ತು.

"ಆರೋಗ್ಯ ಕೇಂದ್ರದ್ದು ಎ ತಾನೇ? ಸಮತಟ್ಟು, ರಸ್ತೆ, ಸೇತುವೆ. ಎಲ್ರೂ ಅದನ್ನೇ ಬರ್ದಿದಾರೆ."

"ಸಿ."

"ಸಿ ಅಂತಾನಾ? ಅಯ್ಯೋ ಅಮ್ಮಾ! ಮತ್ತೆ ನಿಂಗೆ ಗೊತ್ತಿದ್ದದ್ದೇ ಬರೆದ್ಯಾ?"

"ಇಲ್ಲ. ನಂಗೆ ಗೊತ್ತಿರ್ಲಿಲ್ಲ. ನಿಮ್ಮಜ್ಜಿಗೆ ಗೊತ್ತಿತ್ತು."

ಪಾಸಾದೆನೆಂದು ತಿಳಿಯಲು ಇನ್ನೂ ಎರಡು ತಿಂಗಳು ಬೇಕಿತ್ತು. ಆ ಕ್ಷಣ ಅದರ ನೆನಪೇ ಇರಲಿಲ್ಲ. ಗೇಟಿನ ಪಕ್ಕದ ಮೋಟುಗೋಡೆಯ ಮೇಲೆ ಮಗಳನ್ನು ಕೂರಿಸಿಕೊಂಡು, ಆ ಫೋನಿನ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಪೊಟ್ಟಣ ಮಡಿಲಲ್ಲೇ ತಣ್ಣಗಾಯಿತು.