ಅಲುಗಾಡದ ಸ್ಟೂಲು

ಆ ಅಂಗಡಿಯಲ್ಲಿ ಮೇಜಿನ ಎತ್ತರ ಎಷ್ಟಿರಬೇಕೆಂದು ಟೇಪು ಹೇಳುತ್ತಿರಲಿಲ್ಲ, ಅತ್ತೆ ಹೇಳುತ್ತಿದ್ದಳು. ಮೇಜಿಗೆ ಮೊದಲು ಬೇಕೆಂದೇ ಉದ್ದ ಕಾಲು ಕೂಡಿಸುವುದು. ಅದರ ಮುಂದೆ ಅತ್ತೆಯನ್ನು ಹಳೆಯ ಸ್ಟೂಲಿನ ಮೇಲೆ ಕೂರಿಸುವುದು. ಅವಳು ಮೊಣಕೈಯನ್ನು ಹಲಗೆಯ ಮೇಲಿಟ್ಟು, ಇಲ್ಲದ ಪೆನ್ನಿನಿಂದ ಇಲ್ಲದ ಕಾಗದದ ಮೇಲೆ ಏನೋ ಬರೆಯುವಳು. ಭುಜ ಮೇಲೆದ್ದರೆ "ಕೊಯ್ಯಿ" ಎನ್ನುವಳು. ಮತ್ತೆ ಬರೆಯುವಳು, ಮತ್ತೆ "ಕೊಯ್ಯಿ." ಕೊನೆಗೊಮ್ಮೆ ಕಣ್ಣು ಮುಚ್ಚಿ "ಹೂಂ" ಎಂದರೆ ಗರಗಸ ಕೆಳಗಿಡಬಹುದು. ಉಳಿದ ಮೇಜುಗಳೆಲ್ಲ ಅದೇ ಎತ್ತರದ, ಆ ಮೇಜಿನ ತಮ್ಮಂದಿರು.

ಈ ಪದ್ಧತಿ ಹಾಕಿದವನು ಅಜ್ಜ. "ಟೇಪು ಯಾವತ್ತಾದರೂ ಕೂತು ಬರೆದಿದೆಯಾ?" ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸಿದ್ದನಂತೆ. ಬೇಲಿಗೂಟದಂಥ ಗಂಡಸರು ತುಂಬಿದ ಮನೆಯಲ್ಲಿ ಉದ್ದವೂ ಅಲ್ಲ, ಗಿಡ್ಡವೂ ಅಲ್ಲ ಎನ್ನುವಂತಿದ್ದವಳು ಅವನ ಮಗಳು, ಈ ಅತ್ತೆ, ಒಬ್ಬಳೇ. ಅಜ್ಜ ಹೋದ, ಅವನ ಮಗನೂ ಹೋದ, ಗರಗಸ ಮೊಮ್ಮಗಳ ಕೈಗೆ ಬಂತು. ಅತ್ತೆ ಮಾತ್ರ ಕೂತೇ ಇದ್ದಳು.

ಮೊಮ್ಮಗಳನ್ನು ಎಲ್ಲರೂ ಕರೆಯುತ್ತಿದ್ದದ್ದು ಚಕ್ಕೆ ಎಂದು. ಅಂಬೆಗಾಲಿಟ್ಟ ದಿನದಿಂದ ತಲೆಗೂದಲಲ್ಲಿ ಮರದ ಚಕ್ಕೆ ಸಿಕ್ಕಿಸಿಕೊಂಡೇ ಓಡಾಡಿದವಳು. ತಾಯಿಯಿಲ್ಲದ ಅವಳಿಗೆ ಅನ್ನವನ್ನೂ ಬೈಗುಳವನ್ನೂ ಹೊತ್ತಿಗೆ ಸರಿಯಾಗಿ ಬಡಿಸಿ ಬೆಳೆಸಿದವಳು ಅತ್ತೆ.

ಗ್ರಂಥಾಲಯದ ಗ್ರಂಥಪಾಲಕರು ಒಂದು ಕೋಲು ಹಿಡಿದು ಬಂದಾಗ ಅತ್ತೆ ಪುಣ್ಯಕ್ಕೆ ಮನೆಯಲ್ಲಿರಲಿಲ್ಲ. ನೆಂಟರ ಮನೆಗೆ ಹೋಗಿದ್ದಳು.

"ನೋಡಮ್ಮ, ಈ ಕೋಲು ನಿಮ್ಮಪ್ಪ ಮಾಡಿಕೊಟ್ಟ ಹಳೇ ಮೇಜಿನ ಎತ್ತರ" ಎಂದರು ಅವರು. "ಈಗ ನೀನು ಮಾದರಿಗೆ ಅಂತ ಕೊಟ್ಟಿದೀಯಲ್ಲ, ಅದರ ಪಕ್ಕ ಹಿಡಿದು ನೋಡಿದೆ. ಕೋಲು ಎರಡು ಬೆರಳು ಮೇಲೆ ಬರುತ್ತೆ. ಹೊಸ ಮೇಜಲ್ಲಿ ಓದೋರೆಲ್ಲ ಕಳೆದುಹೋದ ಗುಂಡಿ ಹುಡುಕೋರ ಥರ ಬಗ್ಗಿರ್ತಾರೆ."

"ಮರ ಕುಗ್ಗಿರಬಹುದಾ ಸಾರ್" ಎಂದಳು ಚಕ್ಕೆ, ಉದ್ದಕ್ಕೆ ಮರ ಕುಗ್ಗುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ.

"ಏನು ಕುಗ್ಗಿದೆಯೋ ನೀನೇ ನೋಡು. ಇಡೀ ಓದುಕೋಣೆಗೆ ನಿಮ್ಮ ಮೇಜೇ ಆಗಬೇಕು ಅಂತ ಹಟ ಹಿಡಿದೋನು ನಾನು. ಇನ್ನೊಂದು ಮಾದರಿ ಕೊಡು. ಅದೂ ಹೀಗಾದ್ರೆ ಮೇಲಿನೋರು ಪ್ಲಾಸ್ಟಿಕ್ ತರಿಸ್ತಾರೆ. ಆಮೇಲೆ ನನ್ನನ್ನ ಕೇಳಬೇಡ."

ಅವರು ಹೋದ ಮೇಲೆ ಚಕ್ಕೆ ಕೋಲನ್ನೇ ನೋಡುತ್ತ ನಿಂತಳು. ಗರಗಸ ತಪ್ಪಿರಲಿಲ್ಲ, ಮರ ತಪ್ಪಿರಲಿಲ್ಲ. ಕುಗ್ಗಿದ್ದವಳು ಅತ್ತೆ. ವಯಸ್ಸು ಅವಳ ಬೆನ್ನನ್ನು ಮೆಲ್ಲಗೆ ಮಡಚುತ್ತ ಬಂದಿತ್ತು. ಬೆನ್ನಿನ ಜೊತೆ ಮೊಣಕೈ, ಮೊಣಕೈಯ ಜೊತೆ ಊರಿನ ಮೇಜುಗಳೆಲ್ಲ ಕೆಳಗಿಳಿದಿದ್ದವು.

"ಕೋಲು ನೋಡಿ ಕೊಯ್ದುಬಿಡು" ಎಂದ ಚಕ್ಕೆಯ ಗಂಡ. ಅಂಗಡಿಯಲ್ಲಿ ಉಜ್ಜುವುದು, ಪಾಲಿಶ್ ಹಚ್ಚುವುದು ಅವನ ಕೆಲಸ.

"ಅತ್ತೆ ಕೂತು 'ಇನ್ನೂ ಕೊಯ್ಯಿ' ಅಂದ್ರೆ?"

"ಇಲ್ಲ ಅನ್ನು."

"ನೀವೇ ಅನ್ನಿ ನೋಡೋಣ."

ಗಂಡ ಉಜ್ಜುಕಾಗದ ಎತ್ತಿಕೊಂಡು, ಆಗಲೇ ನುಣುಪಾಗಿದ್ದ ಹಲಗೆಯನ್ನು ಉಜ್ಜತೊಡಗಿದ.

ಇನ್ನು ನೀನು ಕೂರಬೇಡ ಅತ್ತೆ ಎನ್ನುವುದು ಚಕ್ಕೆಯ ಬಾಯಲ್ಲಿ ಬರುವ ಮಾತಾಗಿರಲಿಲ್ಲ. ಕೂರದಿದ್ದರೆ ಅತ್ತೆ ದಿನವಿಡೀ ಎಲ್ಲಿರಬೇಕು? ಆದ್ದರಿಂದ ಅವಳು, ಬಾಯಿ ಸೋತಾಗ ಕೈಯನ್ನು ಮುಂದೆ ಬಿಡುವ ಕಸುಬಿನವರೆಲ್ಲ ಮಾಡುವ ಹಾಗೆ, ಒಂದು ವಸ್ತು ಮಾಡಿದಳು. ಅತ್ತೆ ಕೂರುವ, ಅಜ್ಜ ಮಾಡಿದ್ದ ಸ್ಟೂಲಿನ ಪಡಿಯಚ್ಚು, ಎತ್ತರ ಮಾತ್ರ ಎರಡು ಬೆರಳು ಹೆಚ್ಚು. ಬಿಸಿ ಲೋಟ ಇಟ್ಟ ಉಂಗುರದ ಕಲೆ, ಬಣ್ಣದ ಹನಿ, ಅಡ್ಡಪಟ್ಟಿಯಲ್ಲಿ ಅತ್ತೆಯ ಹಿಮ್ಮಡಿ ಸವೆಸಿದ್ದ ತಗ್ಗು, ಎಲ್ಲವನ್ನೂ ಉಳಿಯಿಂದ, ಕುಂಚದಿಂದ ತಂದಳು. ಗಂಡ ಚಹಾದ ಡಿಕಾಕ್ಷನ್ ಬಳಿದು, ಎಣ್ಣೆ ತಿಕ್ಕಿ ಅದಕ್ಕೆ ಮುಪ್ಪು ಬರಿಸಿದ. ಹಳೆಯದನ್ನು ಹಲಗೆಗಳ ಹಿಂದೆ ಬಚ್ಚಿಟ್ಟರು.

"ಹೆತ್ತ ತಾಯಿಗೂ ಗುರುತು ಸಿಗಲ್ಲ" ಎಂದ ಗಂಡ.

"ಇದನ್ನ ಹೆತ್ತೋಳು ನಾನೇ ಕಣ್ರೀ."

ಅತ್ತೆ ಬಂದಳು. ಹೊಸ ಮಾದರಿಯ ಮುಂದೆ ಕೂತಳು. ಕೂತವಳು ಬರೆಯಲಿಲ್ಲ. ಸೊಂಟವನ್ನು ಒಮ್ಮೆ ಎಡಕ್ಕೆ ವಾಲಿಸಿದಳು, ಒಮ್ಮೆ ಬಲಕ್ಕೆ. ಆಮೇಲೆ ಇನ್ನೂ ಸ್ವಲ್ಪ ಜೋರಾಗಿ.

"ಏನಾಯ್ತು ಅತ್ತೆ?"

"ಅಲ್ಲಾಡ್ತಿಲ್ಲ."

ಚಕ್ಕೆ ಸ್ಟೂಲಿನ ಕಾಲುಗಳ ಕಡೆ ನೋಡಿದಳು. ಅಜ್ಜನ ಸ್ಟೂಲಿನ ಒಂದು ಕಾಲು ಹುಟ್ಟಿನಿಂದಲೇ ತುಸು ಗಿಡ್ಡ. ಕೂತರೆ ಟಕ್ ಎಂದು ಒಂದು ಕಡೆಗೆ, ಟಕ್ ಎಂದು ಇನ್ನೊಂದು ಕಡೆಗೆ. ಕಲೆಗಳನ್ನೆಲ್ಲ ಕದ್ದಿದ್ದ ಅವಳ ಕೈ ಅದೊಂದನ್ನು ಕದಿಯಲು ಒಪ್ಪಿರಲಿಲ್ಲ. ಕಾಲು ಸಮ ಇಲ್ಲದ ಸಾಮಾನು ಮಾಡುವುದು ಆ ಕೈಗೆ ಗೊತ್ತೇ ಇರಲಿಲ್ಲ.

"ನಮ್ಮಪ್ಪ ಜೀವಮಾನದಲ್ಲಿ ಕೆಟ್ಟದಾಗಿ ಮಾಡಿದ್ದು ಅದೊಂದೇ" ಎಂದಳು ಅತ್ತೆ. "ಅದಕ್ಕೇ ಮಾರದೆ ನನಗೆ ಕೊಟ್ಟಿದ್ದು. ಅದರ ಮೇಲೂ ಕಣ್ಣು ಹಾಕಿದ್ಯಾ ಕಳ್ಳಿ?"

"ಇಲ್ಲ ಅತ್ತೆ, ಅದು..."

"ಪಾಲಿಶ್ ನೋಡಿದ್ರೆ ನಿನ್ನ ಗಂಡನಿಗೂ ಪಾಲಿದೆ. ಹೇಳಿ, ಯಾಕೆ?"

ಗಂಡ ಚಾವಣಿ ನೋಡಿದ. ಚಕ್ಕೆ ಕೋಲನ್ನು ತಂದು ಅತ್ತೆಯ ಕೈಗೆ ಕೊಟ್ಟಳು. ಗ್ರಂಥಪಾಲಕರು ಹೇಳಿದ್ದನ್ನು ನೆಲ ನೋಡುತ್ತಲೇ ಒಪ್ಪಿಸಿದಳು. "ಮೇಜು ಯಾಕೋ ತಗ್ಗಿದೆ ಅತ್ತೆ" ಎಂದು ಮುಗಿಸಿದಳು.

ಅತ್ತೆ ಕೋಲನ್ನು ನಿಲ್ಲಿಸಿ, ಅದರ ತುದಿಯ ಮೇಲೆ ಅಂಗೈ ಇಟ್ಟಳು. ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ ಹೊಡೆದು ಹೋಯಿತು.

"ಸಕ್ಕರೆ ಡಬ್ಬಿ ಬೇಕು ಅಂತಲೇ ಮೇಲಿನ ಗೂಡಲ್ಲಿ ಇಡ್ತಾನೆ ಅಂತ ನಿನ್ನ ಗಂಡನಿಗೆ ಎಷ್ಟು ಬೈದೆ" ಎಂದಳು ಕೊನೆಗೆ. "ಪಾಪ, ಅದು ಇದ್ದ ಜಾಗದಲ್ಲೇ ಇತ್ತು."

"ಪರವಾಗಿಲ್ಲ ಅತ್ತೆ, ಬೇರೆ ತಪ್ಪಿಗೆ ಜಮಾ ಮಾಡ್ಕೊಳ್ಳಿ" ಎಂದ ಗಂಡ.

"ಮಾಡ್ಕೊಂಡೆ. ಈಗ ಹೋಗಿ ನನ್ನ ಸ್ಟೂಲು ತಾ."

ಹಲಗೆಗಳ ಹಿಂದಿನಿಂದ ಹಳೆಯ ಸ್ಟೂಲು ಹೊರಬಂತು. ಚಕ್ಕೆ ಅದನ್ನು ಅತ್ತೆಯ ಮುಂದೆ ಇಟ್ಟು ಪಕ್ಕಕ್ಕೆ ಸರಿದಳು. ಅತ್ತೆ ಏಳಲೇ ಇಲ್ಲ. ಕೋಲಿನಿಂದ ಸ್ಟೂಲನ್ನು ಕುಟ್ಟಿದಳು.

"ಕೂರು."

"ನಾನಾ?"

"ಇನ್ಯಾರು, ಗ್ರಂಥಪಾಲಕರಾ? ನಿನ್ನ ವಯಸ್ಸಲ್ಲಿ ನಾನೂ ಇಷ್ಟೇ ಎತ್ತರ ಇದ್ದೆ. ನಿನ್ನಷ್ಟು ಪೆದ್ದಿಯಾಗಿರಲಿಲ್ಲ, ಅಷ್ಟೇ ವ್ಯತ್ಯಾಸ."

ಬದುಕೆಲ್ಲ ನಿಂತೇ ಕೆಲಸ ಮಾಡಿದವಳು ಚಕ್ಕೆ. ಬಸ್ಸಿಗೆ ಕಾಯುವವಳ ಹಾಗೆ ತುದಿಯಲ್ಲಿ ಕೂತಳು. ಸ್ಟೂಲು ಟಕ್ಕೆಂದು ವಾಲಿತು. ಮೊಣಕೈ ಹಲಗೆಗೆ ಮುಟ್ಟಿದ್ದೇ "ಹೂಂ" ಎಂದಳು.

"ಹೆದರಿಕೆಯ ಹೂಂ ಅದು, ಲೆಕ್ಕಕ್ಕಿಲ್ಲ. ಹಿಂದೆ ಸರಿದು ಕೂರು. ಭುಜ ಇಳಿಸು, ಕಿವಿಗೆ ಓಲೆ ಮಾಡ್ಕೊಂಡಿದೀಯಲ್ಲ. ಈಗ ಬರಿ."

"ಏನು ಬರೀಲಿ?"

"ಅತ್ತೆಗೆ ಮೋಸ ಮಾಡಲ್ಲ ಅಂತ ಬರಿ. ಉದ್ದ ಇದೆ, ಕೈ ಪಳಗುತ್ತೆ."

ಚಕ್ಕೆ ಬರೆದಳು. ಅತ್ತೆ "ಕೊಯ್ಯಿ" ಎಂದಳು, ಗಂಡ ಗರಗಸ ಹಿಡಿದ. ಮತ್ತೆ ಬರೆದಳು, ಮತ್ತೆ ಕೊಯ್ದ. ಮಧ್ಯಾಹ್ನದ ಬಿಸಿಲು ಹಲಗೆಯ ಮೇಲೆ ಹತ್ತಿ ಇಳಿಯುವಷ್ಟರಲ್ಲಿ ಚಕ್ಕೆಯ ಭುಜ ಅವಳಿಗೆ ತಿಳಿಯದಂತೆ ಕೆಳಗಿಳಿದಿತ್ತು. ಕಣ್ಣು ತಾನಾಗಿ ಮುಚ್ಚಿತು. ಬಾಯಿಂದ ಬಂದ "ಹೂಂ" ಅವಳದೋ ಅತ್ತೆಯದೋ ಗಂಡನಿಗೆ ಗೊತ್ತಾಗಲಿಲ್ಲ. ಅವನು ಗರಗಸ ಕೆಳಗಿಟ್ಟು ಕೋಲನ್ನು ಮೇಜಿಗೆ ಆನಿಸಿದ. ಸಮ.

"ಮುಂದಿನ ಮೇಜಿಗೂ ನೀನೇ ಕೂರು" ಎಂದಳು ಅತ್ತೆ. "ಹೂಂ ನಿಜವಾ ಸುಳ್ಳಾ ನಾನು ಹೇಳ್ತೀನಿ. ಅದು ಬೇರೆಯೋರಿಗೆ ಬರಲ್ಲ."

"ನೀನು ಎಲ್ಲಿ ಕೂರ್ತೀಯಾ?"

ಅತ್ತೆ ಕಳ್ಳಸ್ಟೂಲಿನ ಅಂಚನ್ನು ಬೆರಳಲ್ಲಿ ಸವರಿದಳು. ಬಣ್ಣದ ಹನಿಯನ್ನು ಉಗುರಿನಿಂದ ಕೆರೆದು ನೋಡಿದಳು. ಚಕ್ಕೆಯ ಕೈಗೆಲಸಕ್ಕೆ ತಲೆದೂಗಬೇಕೆನಿಸಿದರೂ ತೂಗಲಿಲ್ಲ.

"ಇಲ್ಲೇ. ಇದರ ಮೇಲಿಂದ ನಿನ್ನ ತಪ್ಪೆಲ್ಲ ಚೆನ್ನಾಗಿ ಕಾಣುತ್ತೆ" ಎಂದಳು. ಆಮೇಲೆ ಅಳಿಯನ ಕಡೆಗೆ ತಿರುಗಿದಳು. "ಆದ್ರೆ ಒಂದು ಕಾಲು ಸ್ವಲ್ಪ ಕೊಯ್ದುಕೊಡಪ್ಪ. ಅಲ್ಲಾಡದೆ ಹೋದ್ರೆ ನನಗೆ ನಿದ್ದೆ ಬರುತ್ತೆ."

ಚಕ್ಕೆ ಗರಗಸದ ಮೇಲೆ ಕೈ ಅಡ್ಡ ಇಟ್ಟು ಬೇಡ ಬೇಡ ಎಂದಳು. ಅವಳ ಮಾತನ್ನು ಅಂದು ಯಾರೂ ಕೇಳಲಿಲ್ಲ.