ಕೇಳಬೇಕೆನಿಸುವ ಸದ್ದು

ಸೂರತ್‌ನ ಅಡಾಜಣ್ ಬಡಾವಣೆಯ ಒಂದು ಶಾಲೆಯ ನಾಲ್ಕನೆಯ ಮಹಡಿಯಲ್ಲಿ ಇನ್ನೋವೇಶನ್ ಲ್ಯಾಬ್ ಎಂಬ ದೊಡ್ಡ ಕೋಣೆಯಿತ್ತು. ಕಪಾಟಿನ ತುಂಬ ಕಿಟ್‌ಗಳು. ಬಿಚ್ಚಿದರೆ ಒಳಗೆ ಚಕ್ರ, ಮೋಟಾರು, ಸ್ಕ್ರೂ, ಜೊತೆಗೆ ಯಾವುದನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಪುಸ್ತಕ. ಎಂಟನೆಯ ತರಗತಿಯ ಮಕ್ಕಳು ಮುಕ್ಕಾಲು ಗಂಟೆಯಲ್ಲಿ ಒಂದೇ ಥರದ ಹತ್ತು ಪುಟ್ಟ ಕಾರು ಮಾಡಿ, ಓಡಿಸಿ, ಮತ್ತೆ ಬಿಚ್ಚಿ ಪೆಟ್ಟಿಗೆಗೆ ತುಂಬುತ್ತಿದ್ದರು. ಕಪಾಟಿಗೆ ಬೀಗ ಹಾಕುವಾಗಲೆಲ್ಲ ವಿಜ್ಞಾನದ ಟೀಚರ್ ವೈದೇಹಿಗೆ ಮನಸ್ಸು ಖಾಲಿಯೆನಿಸುತ್ತಿತ್ತು. ಹಿರೇಕೆರೂರಿನವಳು ಆಕೆ. ಗಂಡ ವಿನಯ್‌ಗೆ ಬ್ಯಾಂಕಿನಲ್ಲಿ ವರ್ಗವಾಗಿ ಸೂರತ್‌ಗೆ ಬಂದು ಮೂರು ವರ್ಷ ಕಳೆದಿತ್ತು.

ನವೆಂಬರಿನಲ್ಲಿ ಶಬ್ದದ ಪಾಠ ಬಂತು. ಅಂದು ವೈದೇಹಿ ಮಕ್ಕಳನ್ನು ಲ್ಯಾಬಿಗೆ ಕರೆದೊಯ್ಯಲಿಲ್ಲ.

"ನಿಮಗೆ ತುಂಬ ಕೇಳಬೇಕು ಅನಿಸುವ, ಆದರೆ ಈಗ ಕೇಳಲು ಸಿಗದ ಒಂದು ಸದ್ದು ಹೇಳಿ. ಅದನ್ನು ನೀವೇ ಮಾಡಬೇಕು. ಫೋನಿನಲ್ಲಿ ಹುಡುಕುವ ಹಾಗಿಲ್ಲ, ಅಂಗಡಿಯಿಂದ ಏನನ್ನೂ ಕೊಳ್ಳುವ ಹಾಗಿಲ್ಲ."

ಮಕ್ಕಳು ಒಬ್ಬೊಬ್ಬರೇ ಹೇಳತೊಡಗಿದರು. ಒಂಬತ್ತನೆಯ ಮಹಡಿಯ ಫ್ಲ್ಯಾಟಿನ ಹುಡುಗನೊಬ್ಬನಿಗೆ ಹಳೆಯ ಮನೆಯ ತಗಡಿನ ಮೇಲೆ ಬೀಳುತ್ತಿದ್ದ ಮಳೆ ಬೇಕಿತ್ತು. ಇನ್ನೊಬ್ಬಳಿಗೆ ಸತ್ತುಹೋದ ಗಿಳಿ ಕಾಳು ಒಡೆಯುತ್ತಿದ್ದ ಸದ್ದು. ಹಿಂದಿನ ಬೆಂಚಿನ ಹೇತ್ವಿ ಎದ್ದು ನಿಂತಳು. ವರ್ಷಕ್ಕೆ ನಾಲ್ಕು ಮಾತೂ ಆಡದ ಹುಡುಗಿ.

"ಪಪ್ಪಾನ ಮಗ್ಗ. ಉಧನಾದಲ್ಲಿ ನಮ್ಮದು ಎಂಟು ಮಗ್ಗ ಇತ್ತು, ಮಿಸ್. ಹೋದ ದೀಪಾವಳಿಗೆ ಗುಜರಿಗೆ ಹೋಯಿತು. ಆವತ್ತಿಂದ ಪಪ್ಪಾನೂ ಮಾತು ಕಡಿಮೆ ಮಾಡಿದಾರೆ."

ಮುಂದಿನ ಸಾಲಿನಲ್ಲಿ ಅಪೂರ್ವಾ ಕೂತಿದ್ದಳು. ಬಾಗಲಕೋಟೆ ಕಡೆಯವರ ಮಗಳು, ಅಪ್ಪ ರೈಲ್ವೆಯಲ್ಲಿ. ಟೀಚರ್ ಜೊತೆ ಮಾತ್ರ ತಡವರಿಸುತ್ತ ಕನ್ನಡ ಆಡುವವಳು. "ಮಿಸ್, ನಿಮ್ದು ಯಾವ್ ಸೌಂಡ್?"

ವೈದೇಹಿ ಅದನ್ನು ಯೋಚಿಸಿರಲೇ ಇಲ್ಲ. ಆದರೂ ಉತ್ತರ ತಾನಾಗಿ ಬಾಯಿಗೆ ಬಂತು. ಅವಳ ಅಪ್ಪ ಹಾಲಪ್ಪ ಸರಕಾರಿ ಹೈಸ್ಕೂಲಿನಲ್ಲಿ ಜವಾನರಾಗಿದ್ದರು. ಬೇವಿನ ಮರಕ್ಕೆ ತೂಗುಹಾಕಿದ್ದ ರೈಲು ಕಂಬಿಯ ತುಂಡೇ ಶಾಲೆಯ ಗಂಟೆ. ಮೂರು ಏಟು ಹೊಡೆದು, ಕಂಬಿ ಪೂರ್ತಿ ಸುಮ್ಮನಾಗುವವರೆಗೆ ಅಪ್ಪ ಸುತ್ತಿಗೆ ಹಿಡಿದು ನಿಂತಿರುತ್ತಿದ್ದರು. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ಬಂದಾಗ, ಕಾಯಿಲೆ ಜೋರಾಯಿತೆಂದು ಕೇಳಿ ಹೊರಟಿದ್ದ ವೈದೇಹಿ ಇನ್ನೂ ರೈಲಿನಲ್ಲಿದ್ದಳು. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶಾಲೆಗೂ ಅಷ್ಟೊತ್ತಿಗೆ ಕರೆಂಟಿನ ಬೆಲ್ ಬಂದಿತ್ತು. ಇಷ್ಟನ್ನೂ ಅವಳು ಮಕ್ಕಳಿಗೆ ಹೇಳಿಬಿಟ್ಟಳು. ಹೇಳಿದ ಮೇಲೆ ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಡಿಸೆಂಬರಿನ ಪ್ರದರ್ಶನ ಹತ್ತಿರ ಬಂದಾಗ ಕೋಆರ್ಡಿನೇಟರ್ ಜಾಗೃತಿಬೆನ್ ತರಗತಿಗೆ ಬಂದರು. ಡಬ್ಬಿ, ಕೋಲು, ಹರಿದ ತಗಡು ನೋಡಿ ಅವರ ಮುಖ ಸಣ್ಣದಾಯಿತು.

"ವೈದೇಹಿಬೆನ್, ಟ್ರಸ್ಟಿಗಳು ಬರುತ್ತಾರೆ. ಅಷ್ಟು ಒಳ್ಳೆಯ ಕಿಟ್ ತರಿಸಿರುವಾಗ ಇದೇನಿದು?"

"ಕಿಟ್‌ನಲ್ಲಿ ಎಲ್ಲ ಉತ್ತರ ಮೊದಲೇ ಇದೆ, ಮೇಡಂ. ಇವರು ಈಗ ತಪ್ಪು ಮಾಡುವುದನ್ನು ಕಲಿಯುತ್ತಿದ್ದಾರೆ. ಒಂದು ಮೂಲೆ ಕೊಡಿ ಸಾಕು."

ಜಾಗೃತಿಬೆನ್ ಮೆಟ್ಟಿಲ ಪಕ್ಕದ ಕಾರಿಡಾರ್ ಕೊಟ್ಟರು.

ಮಕ್ಕಳು ಟೀಚರ್ ಹೇಳಿದ ಗಂಟೆಯನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಂಡರು. ಹೇತ್ವಿ ಗುಜರಿಯಿಂದ ಒಂದು ಕಬ್ಬಿಣದ ಪಟ್ಟಿ ಕೇಳಿ ತಂದಳು. ನಡುವೆ ಹಗ್ಗ ಕಟ್ಟಿ ಹೊಡೆದರೆ ಬರೀ 'ಠಪ್' ಎಂದಿತು. ತುದಿಗೆ ಕಟ್ಟಿದರು, ತಂತಿಯಲ್ಲಿ ಕಟ್ಟಿದರು, ಸರಿಹೋಗಲಿಲ್ಲ. ಕೊನೆಗೆ ಪಟ್ಟಿಯನ್ನು ಸ್ಪಂಜಿನ ಮೇಲೆ ಮಲಗಿಸಿ, ಮೇಲೆ ಉಪ್ಪು ಉದುರಿಸಿ, ಮೆಲ್ಲಗೆ ಬಡಿಯುತ್ತ ಕೂತರು. ಉಪ್ಪಿನ ಹರಳು ಕುಣಿಯುತ್ತ ಕುಣಿಯುತ್ತ ಎರಡು ಕಡೆ, ತುದಿಯಿಂದ ಸುಮಾರು ಕಾಲುಭಾಗದ ಹತ್ತಿರ, ಗೆರೆಯಾಗಿ ನಿಂತಿತು.

"ಮಿಸ್, ಅಲ್ಲಿ ಮಾತ್ರ ಅದು ಅಲ್ಲಾಡ್ತಿಲ್ಲ!" ಅಪೂರ್ವಾ ಕೂಗಿದಳು. "ಅಲ್ಲೇ ಕಟ್ಟಿದ್ರೆ ಸೌಂಡ್ ನಿಲ್ಲಲ್ಲ!"

ಪಾಠದಲ್ಲಿ ಇಲ್ಲದ್ದು ಅದು, ಯಾರೂ ಹೇಳಿಕೊಡದ್ದು. ಆ ಎರಡು ಜಾಗದಲ್ಲಿ ದಾರ ಕಟ್ಟಿ ತೂಗುಹಾಕಿ ಹೊಡೆದರು. ನಾದ ಕಾರಿಡಾರಿನುದ್ದಕ್ಕೂ ಹರಿದು, ನಿಧಾನ ಕರಗಿತು. ಮಕ್ಕಳೆಲ್ಲ ಟೀಚರ್ ಮುಖ ನೋಡಿದರು.

ಹೌದು ಎಂದುಬಿಡಬಹುದಿತ್ತು. ವೈದೇಹಿ ಅಡ್ಡಡ್ಡ ತಲೆಯಾಡಿಸಿದಳು. "ಚೆನ್ನಾಗಿದೆ. ಆದರೆ ಅದಲ್ಲ."

"ಏನು ಕಡಿಮೆ, ಮಿಸ್?"

ವೈದೇಹಿ ಸುತ್ತಿಗೆ ಇಸಿದುಕೊಂಡು ತಾನೇ ಇನ್ನೊಮ್ಮೆ ಹೊಡೆದು ನೋಡಿದಳು.

ಪ್ರದರ್ಶನದ ದಿನ ಟ್ರಸ್ಟಿಗಳು ಕಾರಿಡಾರನ್ನು ಎರಡು ನಿಮಿಷದಲ್ಲಿ ದಾಟಿಹೋದರು. ಹನ್ನೊಂದು ಗಂಟೆಯ ಹೊತ್ತಿಗೆ ಹೇತ್ವಿಯ ಅಪ್ಪ ಬಂದರು. ಮಾಸಿದ ಶರಟಿನ ತೆಳ್ಳಗಿನ ಮನುಷ್ಯ. ಹೇತ್ವಿ ಮಗ್ಗದ ಸದ್ದಿಗೆಂದು ತಾನು ಮಾಡಿದ್ದ ಯಂತ್ರದ ಹಿಡಿಕೆ ತಿರುಗಿಸಿದಳು. ಮರದ ಚಕ್ರದ ಗೂಟಗಳು ಒಂದು ಪಟ್ಟಿಯನ್ನೆತ್ತಿ ಡಬ್ಬಿಯ ಮೇಲೆ ಬೀಳಿಸಿದವು. ಖಟ್, ಖಟ್, ಖಟ್. ಅಪ್ಪ ಅಲುಗಾಡದೆ ಕೇಳಿದರು.

"ತಪ್ಪು, ಬೇಟಾ," ಎಂದರು ಕೊನೆಗೆ.

ಹುಡುಗಿಯ ಮುಖ ಬಾಡಿತು. ವೈದೇಹಿ ಮುಂದೆ ಹೆಜ್ಜೆಯಿಟ್ಟವಳು ತಡೆದು ನಿಂತಳು. ಆ ಮನುಷ್ಯ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತುಬಿಟ್ಟಿದ್ದರು.

"ಮಗ್ಗಕ್ಕೆ ಒಂದು ಸದ್ದಲ್ಲ, ಎರಡು. ನೂಲು ಹೊತ್ತ ಲಾಳಿ ಓಡಿದ ಸದ್ದು ಮೊದಲು, ಆ ನೂಲನ್ನು ಒತ್ತುವ ಹಣಿಗೆ ಬಡಿದದ್ದು ಆಮೇಲೆ. ನಡುವೆ ಒಂದು ಉಸಿರಿನಷ್ಟು ಬಿಡುವು. ಆ ಗೂಟ ಇತ್ತ ಕೊಡು."

ಗೂಟ ಕಿತ್ತು, ಇನ್ನೊಂದು ಕಡೆ ಸಿಕ್ಕಿಸಿದರು. ಮಾತಾಡುತ್ತಲೇ ಇದ್ದರು. ಯಾವ ಮಗ್ಗ ಮೊಂಡು, ಯಾವುದು ಮಳೆಗಾಲದಲ್ಲಿ ಕೈಕೊಡುತ್ತಿತ್ತು, ರಾತ್ರಿಪಾಳಿಯವರು ಯಾವ ಮಗ್ಗಕ್ಕೆ ಏನು ಹೆಸರಿಟ್ಟಿದ್ದರು. ಹೇತ್ವಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಬಹುಮಾನದ ಗುಂಪು ಫೋಟೋಗೆ ಕರೆಯಲು ಬಂದ ಜಾಗೃತಿಬೆನ್, ಇಬ್ಬರನ್ನೂ ನೋಡಿ, ಕರೆಯದೆ ತಿರುಗಿ ಹೋದರು.

ಅಂದು ಸಂಜೆ ಚಹಾ ಕುಡಿಯುತ್ತ ವಿನಯ್ ಕೇಳಿದ, "ಮಾವಾರ ಗಂಟಿ ಸಿಕ್ತೇನು?"

"ಇಲ್ರೀ. ಅದು ಸಿಗಂಗಿಲ್ಲ."

"ಹುಡುಗ್ರಿಗೆ ಹೇಳಿಬಿಡು ಮತ್ತ, ಸಾಕು ಅಂತ."

"ಹೇಳೀನಿ. ಬಿಡವಲ್ರು."

ನಿಜವಾಗಿಯೂ ಬಿಡಲಿಲ್ಲ. ಶಬ್ದ ಮುಗಿದು ಬೆಳಕಿನ ಪಾಠ ಬಂತು, ನಕ್ಷತ್ರಗಳ ಪಾಠ ಬಂತು. ಸೋಮವಾರ ಬಂತೆಂದರೆ ಯಾರಾದರೊಬ್ಬರು ಚೀಲದಿಂದ ಹೊಸದೊಂದು ಕಬ್ಬಿಣ ತೆಗೆಯುತ್ತಿದ್ದರು. ಲಾರಿಯ ಪಟ್ಟಿ, ಗೇಟಿನ ಸರಳು, ತಾಪಿ ನದಿಯ ದಂಡೆಯಲ್ಲಿ ಸಿಕ್ಕ ತುಕ್ಕು ಹಿಡಿದ ತುಂಡು. ಉಪ್ಪು ಉದುರಿಸಿ, ಜಾಗ ಹುಡುಕಿ, ದಾರ ಕಟ್ಟಿ, "ಮಿಸ್, ಕಣ್ಣು ಮುಚ್ಚಿ" ಎನ್ನುತ್ತಿದ್ದರು. ವೈದೇಹಿ ಮುಚ್ಚುತ್ತಿದ್ದಳು. ಸುತ್ತಿಗೆ ಮೇಲೆದ್ದು, ಇನ್ನೂ ಬೀಳದ ಆ ಗಳಿಗೆಯಲ್ಲಿ ಅಪ್ಪ ಎಲ್ಲೋ ಹತ್ತಿರದಲ್ಲೇ ನಿಂತಿರುತ್ತಿದ್ದರು.